ಟ್ರೇಗೆ ಹಾಕುವ ಮುನ್ನ ಹಿಂದುಗಡೆ ನೋಡಿ

ನಮ್ಮ ಹರಾಜು ಸಂಸ್ಥೆಯಲ್ಲಿ ಆಲ್ಬಮ್ ಬಂದ ದಿನವೇ ಇನ್‌ಟೇಕ್, ಅಂದರೆ ಬಂದ ಮಾಲನ್ನು ನೋಡಿ ದಾಖಲಿಸುವ ಕೆಲಸ, ಮುಗಿಯಬೇಕು. ಕಾಗದಕ್ಕೆ ಅಂಟಿಕೊಂಡಿರುವ ಸ್ಟಾಂಪುಗಳೆಲ್ಲ ನೀರಿನ ಟ್ರೇಗೆ, ಅಲ್ಲಿಂದ ಬ್ಲಾಟಿಂಗ್ ಹಾಳೆಗೆ, ಆಮೇಲೆ ವಾಟರ್‌ಮಾರ್ಕ್ (ಕಾಗದದೊಳಗಿನ ಗುರುತು), ಪರ್ಫ್ (ಅಂಚಿನ ಹಲ್ಲುಗಳ ಅಳತೆ), ಕ್ಯಾಟಲಾಗ್ ನಂಬರು. ಸಾಫ್ಟ್‌ವೇರ್‌ನಲ್ಲಿ ಕ್ಯಾಟಲಾಗ್ ನಂಬರು ತುಂಬದೆ ಲಾಟ್ ಸೇವ್ ಆಗುವುದೇ ಇಲ್ಲ. ಈ ಪದ್ಧತಿ ಸಾಮಾನ್ಯ ಮಾಲಿಗೆ ಸರಿ. ಮಾರಿಷಸ್ ಆಲ್ಬಮ್ಮಿಗೆ ಇದು ಎಷ್ಟು ಅಪಾಯಕಾರಿ ಅಂತ ಕಳೆದ ಸೀಸನ್ನಿನಲ್ಲಿ ಗೊತ್ತಾಯಿತು. ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಆಲ್ಬಮ್ ತಂದವರು ವಯಸ್ಸಾದವರು. ಅದು ಅವರ ದೊಡ್ಡಪ್ಪನ ಸಂಗ್ರಹ. ಎಲ್ಲರೂ ಕೇಳುವ ಪ್ರಶ್ನೆಯನ್ನೇ ಅವರೂ ಕೇಳಿದರು: "ಆ ನೀಲಿ ಮಾರಿಷಸ್ ಇದರಲ್ಲಿ ಇದೆಯೇನಮ್ಮಾ?" ಇರಲಿಲ್ಲ. 1847ರ ಸೆಪ್ಟೆಂಬರ್ 21ರಂದು ಬಂದ ಆ 'ಪೋಸ್ಟ್ ಆಫೀಸ್' ಸ್ಟಾಂಪುಗಳು ಅಚ್ಚಾದದ್ದೇ ಒಂದು ಪೆನ್ನಿಯವು 500, ಎರಡು ಪೆನ್ನಿಯ ನೀಲಿಯವು 500. ಉಳಿದಿರುವುದು ಎರಡೂ ಸೇರಿ ಇಪ್ಪತ್ತೇಳೋ ಏನೋ. ಅವುಗಳ ಅಚ್ಚನ್ನು ಕೆತ್ತಿದ ಬರ್ನಾರ್ಡ್ 'ಪೋಸ್ಟ್ ಪೇಯ್ಡ್' ಅನ್ನುವ ಬದಲು ಮರೆತು 'ಪೋಸ್ಟ್ ಆಫೀಸ್' ಅಂತ ಕೆತ್ತಿಬಿಟ್ಟ ಎಂಬ ಕಥೆಯನ್ನೂ ಅವರು ಹೇಳಿದರು. ಆ ಕಥೆ ನಿಜವಲ್ಲ. ಸ್ಟಾಂಪು ಬರುವುದಕ್ಕೂ ಮೊದಲೇ ಮಾರಿಷಸ್ ರಾಜಧಾನಿ ಪೋರ್ಟ್ ಲೂಯಿಯ ಅಂಚೆ ಮೊಹರುಗಳಲ್ಲಿ 'ಮಾರಿಷಸ್ ಪೋಸ್ಟ್ ಆಫೀಸ್' ಎಂಬ ಮಾತು ಇತ್ತು. ಹಳೆಯ ಮೊಹರುಗಳನ್ನು ನೋಡಿದ್ದವರಿಗೆ ಆ ಕಥೆಯಲ್ಲಿ ಹುರುಳಿಲ್ಲ ಎಂದು ತಕ್ಷಣ ತಿಳಿಯುತ್ತದೆ. ಇಷ್ಟು ವರ್ಷ ಸ್ಟಾಂಪಿನ ಮುಖವನ್ನಷ್ಟೇ ನೋಡಿದವರು ಕಥೆಯನ್ನು ಹಬ್ಬಿಸಿದರು.

ಆಲ್ಬಮ್ಮಿನಲ್ಲಿದ್ದದ್ದು ಮುಖ್ಯವಾಗಿ ಲಂಡನ್ನಿನ ಡೆ ಲಾ ರೂ ಕಂಪನಿ ಅಚ್ಚು ಹಾಕಿದ, ವಿಕ್ಟೋರಿಯಾ ರಾಣಿಯ ತಲೆಯ ಸ್ಟಾಂಪುಗಳು. ಬಹುತೇಕ ಎಲ್ಲದರ ಮೇಲೂ ಬಿ53, ಅಂದರೆ ಮಾರಿಷಸ್‌ನ ಮೊಹರು. ಅಡ್ಡಗೆರೆಗಳ ಅಂಡಾಕಾರ, ನಡುವೆ ಅಕ್ಷರ, ಅಂಕಿ. ನಾನು ಹುಡುಕುತ್ತಿದ್ದದ್ದು ಬಿ64. ಮಾರಿಷಸ್‌ನ ಉತ್ತರಕ್ಕೆ ಸಾವಿರದ ಏಳುನೂರು ಕಿಲೋಮೀಟರ್ ಆಚೆ ಇರುವ ಸೇಶೆಲ್ಸ್‌ನ ಮಾಹೆ ದ್ವೀಪದಲ್ಲಿ, ವಿಕ್ಟೋರಿಯಾ ಪಟ್ಟಣದಲ್ಲಿ, 1861ರ ಡಿಸೆಂಬರ್‌ನಲ್ಲಿ ಅಂಚೆ ಕಚೇರಿ ತೆರೆಯಿತು. ಆದರೆ ಸೇಶೆಲ್ಸ್ ಹೆಸರಿನ ಸ್ಟಾಂಪು ಬಂದದ್ದು 1890ರಲ್ಲಿ. ನಡುವಿನ ಅಷ್ಟೂ ವರ್ಷ ಆ ದ್ವೀಪದವರು ಮಾರಿಷಸ್ ಸ್ಟಾಂಪನ್ನೇ ಹಚ್ಚಿದರು. ಆ ಕಾಲದಲ್ಲಿ ಅಲ್ಲಿಂದ ಒಂದು ಕಾಗದ ಹೊರಟಿತ್ತು ಅನ್ನುವುದಕ್ಕೆ ಸ್ಟಾಂಪಿನ ಮೇಲೆ ಇರುವ ಮುಖ್ಯ ಗುರುತು ಬಿ64. ಅದನ್ನು ತೆಗೆದರೆ ಅದೊಂದು ಸಾಮಾನ್ಯ ಮಾರಿಷಸ್ ಸ್ಟಾಂಪು. ನನಗೆ ಈ ಕೆಲಸದ ಮೇಲೆ ಪ್ರೀತಿ ಬಂದದ್ದೇ ಇದರಿಂದ.

ಇನ್ನೊಂದು ಮೊಹರಿದೆ, ಬಿ65. ಅದು ಮಾರಿಷಸ್‌ನ ಪೂರ್ವಕ್ಕಿರುವ ಪುಟ್ಟ ರೊಡ್ರಿಗಸ್ ದ್ವೀಪದ್ದು. ಸಿಕ್ಕುವುದು ಇನ್ನೂ ಕಷ್ಟ.

ಆಲ್ಬಮ್ಮಿನ ಒಂದು ಪುಟದ ಮೂಲೆಯಲ್ಲಿ ನಾಲ್ಕು ಪೆನ್ಸ್‌ನ ಗುಲಾಬಿ ಬಣ್ಣದ ಸ್ಟಾಂಪು, ಆನ್ ಪೀಸ್, ಅಂದರೆ ಲಕೋಟೆಯ ತುಂಡಿನ ಮೇಲೇ ಅಂಟಿದ್ದು. ಲಕೋಟೆಯ ತುಂಡು ಸ್ಟಾಂಪಿನ ಅಳತೆಗೇ ನಿಂತಿತ್ತು. ಮೇಲೆ ಸ್ಪಷ್ಟವಾಗಿ 'ಬಿ', ಪಕ್ಕದಲ್ಲಿ '6', ಅದರ ಪಕ್ಕದಲ್ಲಿ ಅಂಚಿನ ಹಲ್ಲಿನ ಮೇಲೆ ಒಂದು ಕಪ್ಪು ಚುಕ್ಕೆ. ಅಷ್ಟೇ. ಕೊನೆಯ ಅಂಕಿ ಅಂಚಿನಾಚೆಗೆ ಹೋಗಿತ್ತು.

ಲೂಪ್ (ಭೂತಗನ್ನಡಿ) ಹಾಕಿ ಬಗ್ಗಿದೆ. 5ರ ಎಡಬದಿಯಲ್ಲಿ ಎರಡು ಕಡೆ ಮಸಿ ಬೀಳಬೇಕು: ಮೇಲಿನ ನೆಟ್ಟಗಿನ ಗೀಟು, ಕೆಳಗೆ ಬಾಲದ ತುದಿ. 4 ಆದರೆ ಎಡಕ್ಕೆ ಚಾಚುವುದು ಒಂದೇ ಮೊನೆ, ಅಡ್ಡಗೀಟಿನ ತುದಿ. ನನಗೆ ಕಂಡದ್ದು ಕೆಳಭಾಗದ ಒಂದೇ ಚುಕ್ಕೆ. ಮೇಲಿನ ಹಲ್ಲು ಮುರಿದಿತ್ತು. ಹಾಗಾಗಿ 5ರ ಮೇಲಿನ ಗೀಟು ಆ ಹಲ್ಲಿನ ಜೊತೆ ಹೋಗಿದೆ, ಇದು ಬಾಲದ ತುದಿ ಅಂತ ಓದಿದೆ. ಚುಕ್ಕೆಯ ಎತ್ತರವನ್ನು ಪಕ್ಕದ 6ರ ಪಾದಕ್ಕೆ ಹೋಲಿಸಬೇಕಿತ್ತು, ಹೋಲಿಸಲಿಲ್ಲ. ಸ್ಲಿಪ್ಪಿನ ಮೇಲೆ ಪೆನ್ಸಿಲ್ಲಿನಲ್ಲಿ 'ಬಿ65?' ಅಂತ ಬರೆದೆ.

ಮ್ಯಾನೇಜರ್ ಸ್ಲಿಪ್ ನೋಡಿದರು. ಪ್ರಶ್ನಾರ್ಥಕ ಚಿಹ್ನೆ ಅವರ ಕಣ್ಣಿಗೆ ಬೀಳಲಿಲ್ಲ. ಫೋನಿನಲ್ಲಿ ಫೋಟೋ ಹೊಡೆದು ದೊಡ್ಡ ಕ್ಲೈಂಟ್ ಒಬ್ಬರಿಗೆ ಕಳಿಸಿಯೇಬಿಟ್ಟರು. ಅವತ್ತು ಸಂಜೆಯೇ ನಮ್ಮ ಹರಾಜಿನ ಕ್ಯಾಟಲಾಗ್ ಪ್ರೆಸ್ಸಿಗೆ ಹೋಗಬೇಕು. "ವಾಟರ್‌ಮಾರ್ಕ್ ನೋಡಿ ನಂಬರು ಹಾಕಿ ಕ್ಲೋಸ್ ಮಾಡಿ ಮೇಡಂ" ಅಂದರು.

ವಾಟರ್‌ಮಾರ್ಕ್‌ನ ತಕರಾರು ಸುಳ್ಳಲ್ಲ. ಇದೇ ನಾಲ್ಕು ಪೆನ್ಸ್ ಗುಲಾಬಿ 1860ರಲ್ಲಿ ವಾಟರ್‌ಮಾರ್ಕ್ ಇಲ್ಲದೆ ಬಂತು, 1863ರಿಂದ ಕಿರೀಟ ಮತ್ತು ಸಿಸಿ ಅಕ್ಷರಗಳ ವಾಟರ್‌ಮಾರ್ಕ್ ಇರುವ 'ಕ್ರೌನ್ ಸಿಸಿ' ಕಾಗದದಲ್ಲಿ ಬಂತು. ಎರಡಕ್ಕೂ ಬೇರೆ ಬೇರೆ ನಂಬರು. ಪೀಸಿನ ಮೇಲೆ ಅಂಟಿರುವಾಗ ಹಿಂದುಗಡೆ ಕಾಣುವುದಿಲ್ಲ. ಅಂದರೆ ಸಾಫ್ಟ್‌ವೇರ್ ಸೇವ್ ಆಗಬೇಕಾದರೆ ಸ್ಟಾಂಪನ್ನು ನೀರಿಗೆ ಹಾಕಲೇಬೇಕು. ನಮ್ಮ ಇನ್‌ಟೇಕ್ ಹುಡುಗ ಆಗಲೇ ಚಿಮ್ಮಟದಲ್ಲಿ ಹಿಡಿದು ನಿಂತಿದ್ದ. "ಹಾಕ್ಲಾ ಮೇಡಂ?"

"ಹೂಂ" ಅನ್ನುವುದರಲ್ಲಿದ್ದೆ. ಅವನು ಚಿಮ್ಮಟವನ್ನು ಸ್ವಲ್ಪ ತಿರುಗಿಸಿದ. ಪೀಸಿನ ಹಿಂಭಾಗದಲ್ಲಿ ಕಾಗದ ಎರಡು ಪದರ ಇದ್ದದ್ದು ಕಂಡಿತು. "ಇಳಿಸು, ಇಳಿಸು, ನೀರು ಮುಟ್ಟಿಸಬೇಡ" ಅಂದೆ. ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಪ್ಯಾಕಿಂಗಿನವರೂ ತಿರುಗಿ ನೋಡಿದರು.

ಆಲ್ಬಮ್ಮಿನ ಚೌಕಕ್ಕೆ ಸರಿಹೊಂದಲಿ ಅಂತ ಆ ದೊಡ್ಡಪ್ಪ ಲಕೋಟೆಯ ಅಂಚನ್ನು ಕತ್ತರಿಸದೆ ಹಿಂದಕ್ಕೆ ಮಡಚಿ, ಅದರ ತುದಿಯನ್ನು ಮತ್ತೆ ಅದರ ಮೇಲೆಯೇ ಮಡಚಿ ಗೋಂದು ಹಾಕಿದ್ದರು. ಅವರು ಕತ್ತರಿ ಹಿಡಿಯಲಿಲ್ಲವಲ್ಲ, ಅದಕ್ಕೆ ನಾನು ಎಂದೆಂದಿಗೂ ಋಣಿ. ಕೊನೆಯ ಅಂಕಿ ಸ್ಟಾಂಪಿನ ಮೇಲೆ ಇಲ್ಲದಿದ್ದರೆ ಆ ಮಡಿಕೆಯೊಳಗೆ ಇರಬೇಕು. ಟ್ರೇಗೆ ಬಿದ್ದಿದ್ದರೆ ಸ್ಟಾಂಪು ಒಂದು ಕಡೆ ತೇಲುತ್ತಿತ್ತು, ಕಾಗದದ ತುಂಡು ಮಿಕ್ಕ ಚೂರುಗಳ ಜೊತೆ ಕಸದ ಬುಟ್ಟಿಗೆ ಹೋಗುತ್ತಿತ್ತು.

ಒಣಗಿದ ಕಾಗದ. ಹಾಗೆಯೇ ಬಿಡಿಸಿದರೆ ಮಡಿಕೆಯ ಗೆರೆಯಲ್ಲಿ ಮುರಿಯುತ್ತದೆ. ಸ್ವೆಟ್ ಬಾಕ್ಸ್ ತರಿಸಿದೆ. ಕೆಳಗೆ ಒದ್ದೆ ಸ್ಪಂಜು, ಮೇಲೆ ಜಾಲರಿ, ಅದರ ಮೇಲೆ ಪೀಸು, ಮುಚ್ಚಳ. ಇದರಲ್ಲೂ ಅಪಾಯವಿದೆ. ಮಡಿಕೆಯ ಗೋಂದು ಸಡಿಲವಾಗುವಷ್ಟು ತೇವ ಬೇಕು, ಆದರೆ ಸ್ಟಾಂಪಿನ ಗೋಂದು ಸಡಿಲವಾಗಬಾರದು. ಸ್ಟಾಂಪು ಕೂದಲೆಳೆಯಷ್ಟು ಜರುಗಿದರೂ ಸ್ಟಾಂಪಿನಿಂದ ಕಾಗದಕ್ಕೆ ಹರಿದ ಮೊಹರಿನ ಗೆರೆಗಳು ತಪ್ಪುತ್ತವೆ. ಆಮೇಲೆ ಅಸಲಿಯೋ ನಕಲಿಯೋ ಅಂತ ತೀರ್ಪು ಕೊಡುವ ಯಾವ ಎಕ್ಸ್‌ಪರ್ಟ್ ಕಮಿಟಿಯೂ ಅದನ್ನು ನಂಬುವುದಿಲ್ಲ. ನಂಬದಿರುವುದು ನ್ಯಾಯವೇ. ದುಬಾರಿ ಮೊಹರುಗಳನ್ನು ಅಗ್ಗದ ಸ್ಟಾಂಪಿನ ಮೇಲೆ ಒತ್ತಿ ಮಾರುವ ಖದೀಮರು ಮೊದಲಿನಿಂದಲೂ ಇದ್ದಾರೆ. ಮಸಿ ಸ್ಟಾಂಪಿನ ಹಲ್ಲು ದಾಟಿ ಲಕೋಟೆಗೆ ಹರಿದಿದೆಯೇ ಅಂತ ಕಮಿಟಿಯವರು ಮೊದಲು ನೋಡುವುದು ಅದಕ್ಕೇ.

ಮ್ಯಾನೇಜರ್ ಹಿಂದೆಯೇ ನಿಂತಿದ್ದರು. ಅವರ ಫೋನಿಗೆ ಕ್ಲೈಂಟ್‌ನಿಂದ ಮೇಲಿಂದ ಮೇಲೆ ಮೆಸೇಜು. ಮುಚ್ಚಳ ತೆಗೆದು ನೋಡುವುದು, ಮಡಿಕೆಯ ತುದಿಗೆ ಸ್ಪಾಟುಲಾ ತಾಗಿಸುವುದು, ಬಿಡದಿದ್ದರೆ ಮತ್ತೆ ಮುಚ್ಚುವುದು. ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಒಂದು ಮೂಲೆ ಬಿಟ್ಟಿತು. ಅಲ್ಲಿಂದ ಮಡಿಕೆ ತಾನಾಗಿಯೇ ಏಳತೊಡಗಿತು. ಮೊದಲು ಕಂಡದ್ದು ಅಂಡಾಕಾರದ ಅಡ್ಡಗೆರೆಗಳ ಕೊನೆಗಳು. ಆಮೇಲೆ ನಡುವಿನ ಸಾಲಿನಲ್ಲಿ ನೆಟ್ಟಗೆ ನಿಂತ ಒಂದು ಕಂಬ, ಅದಕ್ಕೆ ಓರೆಯಾಗಿ ಇಳಿದು ಬಂದ ಗೀಟು. 4. ಹಲ್ಲಿನ ಮೇಲಿದ್ದ ಚುಕ್ಕೆ ಅದರ ಅಡ್ಡಗೀಟಿನ ಮೊನೆಯಾಗಿ ನಿಖರವಾಗಿ ಕೂತಿತು.

ಬಿ64. ರೊಡ್ರಿಗಸ್ ಅಲ್ಲ, ಮಾಹೆ.

ಮ್ಯಾನೇಜರ್ ಮುಖ ಬಾಡಿತು. ಕ್ಲೈಂಟಿಗೆ ಮತ್ತೆ ಫೋನ್ ಮಾಡಿ ತಿದ್ದಬೇಕಾಯಿತು. ನನಗೆ ಮಾತ್ರ ಹೇಳಲಾಗದಷ್ಟು ಸಂತೋಷ. ಅಂಕಿ ಬಿಟ್ಟುಹೋದ ಬಿ65ಕ್ಕಿಂತ ಇಡೀ ಮೊಹರು ಕಾಗದದೊಡನೆ ಉಳಿದ ಬಿ64 ದೊಡ್ಡದು. ಇದನ್ನು ಬೆಲೆಯ ಮಾತಾಗಿ ಹೇಳುತ್ತಿಲ್ಲ.

ಬೆಲೆಯ ಭಾಷೆಯೇ ಅರ್ಥವಾಗುವ ಆಡಳಿತದವರಿಗೆ ನಾನು ಕೊಡುವ ಉದಾಹರಣೆ ಬೇರೆ. 1850ರ ಜನವರಿಯಲ್ಲಿ ಮಾರಿಷಸ್‌ನಿಂದ ಬಾಂಬೆಗೆ ಒಂದು ಪತ್ರ ಹೊರಟಿತು. ಮೇಲೆ ಒಂದು ಪೆನ್ನಿಯ 'ಪೋಸ್ಟ್ ಆಫೀಸ್' ಎರಡು. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ದೇಶದ ಬಜಾರಿನಲ್ಲೇ ಸಿಕ್ಕಿತು. ಆ ಕಾಲದಲ್ಲಿ ಲಕೋಟೆ ಎಸೆದು ಸ್ಟಾಂಪು ಇಟ್ಟುಕೊಳ್ಳುವುದೇ ವಾಡಿಕೆ. ಸಿಕ್ಕಿದವರು ಹಾಗೆ ಮಾಡಲಿಲ್ಲ. ಇನ್ನೊಂದು ಉದಾಹರಣೆ: ಒಂದು ಪೆನ್ನಿ, ಎರಡು ಪೆನ್ನಿ ಎರಡನ್ನೂ ಹೊತ್ತು ಫ್ರಾನ್ಸಿನ ಬೋರ್ಡೋಗೆ ಹೋದ ಒಂದೇ ಒಂದು ಲಕೋಟೆ ಉಳಿದಿದೆ. 1993ರಲ್ಲಿ ಜೂರಿಕ್ ಹರಾಜಿನಲ್ಲಿ ಅದು 50 ಲಕ್ಷಕ್ಕೂ ಹೆಚ್ಚು ಸ್ವಿಸ್ ಫ್ರಾಂಕಿಗೆ ಹೋಯಿತು. ಯಾರಾದರೂ ಅದನ್ನು ಟ್ರೇಗೆ ಹಾಕಿದ್ದರೆ ಉಳಿಯುತ್ತಿದ್ದದ್ದು ಎರಡು ಬಿಡಿ ಸ್ಟಾಂಪುಗಳು.

ಈಗ ನಮ್ಮಲ್ಲಿ ಮಾರಿಷಸ್, ಸೇಶೆಲ್ಸ್, ಜಾಂಜಿಬಾರ್ ಮಾಲು ಬಂದರೆ ನನ್ನ ಸಹಿ ಇಲ್ಲದೆ ಟ್ರೇ ತುಂಬಿಸುವಂತಿಲ್ಲ. ಇದನ್ನು ಬರವಣಿಗೆಯಲ್ಲಿ ಕೊಡಿ ಅಂತ ಹಟ ಹಿಡಿದು ತೆಗೆದುಕೊಂಡೆ. ಇನ್‌ಟೇಕ್ ಹುಡುಗ ಈಗ ಪ್ರತಿ ಪೀಸನ್ನೂ ಮೊದಲು ಹಿಂದು ಮುಂದು ಮಾಡಿ ನೋಡುತ್ತಾನೆ. ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆಯಾಗುವವರೆಗೆ ಸ್ಲಿಪ್ಪಿನಲ್ಲಿ ಅಂಕಿ ಬರೆಯುವುದಿಲ್ಲ. ಕಾಣುವ ಅಂಕಿಯನ್ನಷ್ಟೇ ಬರೆದು ಉಳಿದದ್ದಕ್ಕೆ ಗೆರೆ ಎಳೆಯುತ್ತೇವೆ.

ಸಾಫ್ಟ್‌ವೇರ್ ಮಾತ್ರ ಹಾಗೇ ಇದೆ. 'ದೇಶ' ಎಂಬ ಕಾಲಮ್ಮಿನಲ್ಲಿ ಒಂದೇ ಹೆಸರು ಹಿಡಿಯುತ್ತದೆ. ಮಾರಿಷಸ್ ಅಂತ ಹಾಕಿದರೆ ಸೇಶೆಲ್ಸ್ ಹುಡುಕುವವರಿಗೆ ಸಿಗುವುದಿಲ್ಲ, ಸೇಶೆಲ್ಸ್ ಅಂತ ಹಾಕಿದರೆ ಕ್ಯಾಟಲಾಗ್ ನಂಬರು ತಾಳೆಯಾಗುವುದಿಲ್ಲ. ಆ ನಾಲ್ಕು ಪೆನ್ಸ್‌ಗೆ ಕೊನೆಗೆ ವಾಟರ್‌ಮಾರ್ಕ್ ಜಾಗದಲ್ಲಿ 'ಪೀಸಿನಿಂದ ಬಿಡಿಸಿಲ್ಲ, ಪರೀಕ್ಷಿಸಿಲ್ಲ' ಅಂತ ಬರೆದು, ನಂಬರಿನ ಜಾಗದಲ್ಲಿ ಸೊನ್ನೆಗಳನ್ನು ತುಂಬಿ ಸೇವ್ ಮಾಡಿದೆವು. ಇನ್ನೊಂದು ಕಾಲಮ್ ಕೊಡಿ ಅಂತ ಐಟಿಯವರಿಗೆ ಹಾಕಿದ ಟಿಕೆಟ್ ಇವತ್ತಿಗೂ ಓಪನ್ ಇದೆ. ಮುಂದಿನ ಸೇಲ್‌ಗೆ ಸೇಶೆಲ್ಸ್‌ನ ಇನ್ನೊಂದು ಸಂಗ್ರಹ ಬರುವುದಿದೆ. ಅಷ್ಟರೊಳಗೆ ಆಗದಿದ್ದರೆ ಆ ಲಾಟುಗಳನ್ನು ನಾನು ಕೈಬರಹದ ರಿಜಿಸ್ಟರಿನಲ್ಲೇ ಎಂಟ್ರಿ ಮಾಡುತ್ತೇನೆ ಅಂತ ಮ್ಯಾನೇಜರ್‌ಗೆ ಹೇಳಿದ್ದೇನೆ.