ಹಾಜರಿಗೆ ಉತ್ತರ ಬರದ ಹೆಸರು

ಬೆಲ್ ಹೊಡೆಯುತ್ತದೆ. ಮೇಷ್ಟ್ರು ಹಾಜರಿ ಕರೆಯುತ್ತಾರೆ. ಒಂದೊಂದೇ ಹೆಸರು, ಒಂದೊಂದೇ ಉತ್ತರ. ಕೊನೆಗೆ ಲಾರಿನ್ ಹಿಲ್ ಅಂತ ಕರೆಯುತ್ತಾರೆ. ಉತ್ತರ ಇಲ್ಲ. ಮತ್ತೆ ಕರೆಯುತ್ತಾರೆ. ಆಗಲೂ ಇಲ್ಲ.

‘ದಿ ಮಿಸ್‌ಎಜುಕೇಷನ್ ಆಫ್ ಲಾರಿನ್ ಹಿಲ್’ ಅನ್ನುವ ಆಲ್ಬಂ ಶುರುವಾಗುವುದು ಹೀಗೆ. ಲಾರಿನ್ ಹಿಲ್ ಅಮೆರಿಕದ ಗಾಯಕಿ. ಹತ್ತೊಂಬತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಹಾಜರಿ ಕರೆಯುವವಳು ನಾನು. ಮೊದಲ ಸಲ ಇದನ್ನು ಕೇಳಿದಾಗ ಅಲ್ಲೇ ನಿಲ್ಲಿಸಿ ಹಿಂದಕ್ಕೆ ಹೋದೆ. ಆಲ್ಬಂ ಯಾರದೋ ಅವಳೇ ಕ್ಲಾಸಿನಲ್ಲಿ ಇಲ್ಲ! ಹಾಗಾದರೆ ಎಲ್ಲಿಗೆ ಹೋದಳು? ಮುಂದಿನ ಹಾಡುಗಳನ್ನೆಲ್ಲ ನಾನು ಇದೊಂದೇ ಪ್ರಶ್ನೆ ಇಟ್ಟುಕೊಂಡು ಕೇಳಿದೆ.

ಇದು ಅವಳೊಬ್ಬಳೇ ಮಾಡಿದ ಮೊದಲ ಸ್ಟುಡಿಯೋ ಆಲ್ಬಂ. 1998ರ ಆಗಸ್ಟ್ 25ರಂದು ಬಂತು. ಆಗ ಅವಳಿಗೆ 23 ವರ್ಷ. ಅದಕ್ಕೂ ಮುಂಚೆ ವೈಕ್ಲೆಫ್ ಜಾನ್, ಪ್ರಾಸ್ ಜೊತೆ ‘ಫ್ಯೂಜೀಸ್’ ಅನ್ನುವ ಸಂಗೀತ ತಂಡದಲ್ಲಿದ್ದಳು. 1996ರಲ್ಲಿ ಬಂದ ಅವರ ‘ದಿ ಸ್ಕೋರ್’ ಆಲ್ಬಂ ಜಗತ್ತೆಲ್ಲ ಸುತ್ತಿತ್ತು. ಅಷ್ಟು ಹೆಸರು ಬಂದಾಗಲೇ ಅವಳು ಬಸುರಿಯಾದಳು.

ನನಗೆ ಈ ಆಲ್ಬಂ ಅಂದರೆ ಮೊದಲು ನೆನಪಾಗುವುದು ‘ಟು ಜಯಾನ್’ ಹಾಡು. ಜಯಾನ್ ಅವಳ ಮೊದಲ ಮಗ, 1997ರ ಆಗಸ್ಟಿನಲ್ಲಿ ಹುಟ್ಟಿದವನು. ತಂದೆ ರೋಹನ್ ಮಾರ್ಲಿ, ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಯ ಮಗ. ಸುತ್ತಲಿನವರು ಬುದ್ಧಿ ಉಪಯೋಗಿಸು, ನಿನ್ನ ಕೆರಿಯರ್ ನೋಡಿಕೋ ಅಂದರು, ನಾನು ಮನಸ್ಸಿನ ಮಾತು ಕೇಳಿದೆ ಅಂತ ಅವಳೇ ಹಾಡಿನಲ್ಲಿ ಹೇಳುತ್ತಾಳೆ. ಹಿಂದೆ ಕವಾಯತಿನ ಹಾಗೆ ಡ್ರಮ್ ನಡೆಯುತ್ತದೆ. ಕಾರ್ಲೋಸ್ ಸಂಟಾನಾ ನುಡಿಸಿದ ಗಿಟಾರ್ ಅವಳ ದನಿಯ ಪಕ್ಕದಲ್ಲೇ ಮೆಲ್ಲಗೆ ಓಡಾಡುತ್ತದೆ, ಎಲ್ಲೂ ಮೇಲೆ ಬೀಳುವುದಿಲ್ಲ. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ನನಗೂ ಇಂಥ ಬುದ್ಧಿಮಾತು ಬಂದಿದ್ದವು. ಪ್ರಮೋಷನ್ ಬರುವ ಹೊತ್ತಿಗೆ ಇದೆಲ್ಲ ಯಾಕೆ ಅಂತ. ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ, ಸುಮ್ನೆ ಇದ್ದೆ. ಅದಕ್ಕೇ ಇರಬೇಕು, ಈ ಹಾಡು ಬಂದರೆ ಕೈಯಲ್ಲಿರುವ ಕೆಲಸ ನಿಂತುಹೋಗುತ್ತದೆ.

ಕೊನೆಗೆ ಜಯಾನ್ ಅನ್ನುವ ಆ ಮಗುವೇ ಲಾರಿನ್‌ಳನ್ನು ಜಮೈಕಾದ ಕಿಂಗ್‌ಸ್ಟನ್‌ವರೆಗೂ ಕರೆದುಕೊಂಡು ಹೋಯಿತು ಅನ್ನಿಸುತ್ತದೆ. ಆಲ್ಬಂನ ಒಂದಷ್ಟು ಭಾಗ ರೆಕಾರ್ಡ್ ಆಗಿದ್ದು ಅಲ್ಲಿನ ಟಫ್ ಗಾಂಗ್ ಸ್ಟುಡಿಯೋದಲ್ಲಿ. ಅದು ಬಾಬ್ ಮಾರ್ಲಿ ಶುರು ಮಾಡಿದ್ದು, ಅಂದರೆ ಮಗುವಿನ ಅಜ್ಜನ ಜಾಗ.

ಇನ್ನು ಆ ಕ್ಲಾಸ್‌ರೂಮ್. ಹಲವು ಹಾಡುಗಳು ಮುಗಿದ ಮೇಲೆ ಮಕ್ಕಳ ಮಾತು ಕೇಳಿಸುತ್ತದೆ. ವಿಷಯ ಪ್ರೀತಿ. ಮೇಷ್ಟ್ರ ದನಿ ರಾಸ್ ಬರಾಕಾ ಅವರದು. ಕವಿ, ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ನಿಜಕ್ಕೂ ಪಾಠ ಮಾಡಿದವರು. 2014ರಲ್ಲಿ ಅದೇ ಊರಿನ ಮೇಯರ್ ಆದರು. ರೆಕಾರ್ಡ್ ಮಾಡಿದ್ದು ಶಾಲೆಯಲ್ಲಿ ಅಲ್ಲ, ನ್ಯೂಜೆರ್ಸಿಯಲ್ಲಿದ್ದ ಲಾರಿನ್ ಮನೆಯ ಹಾಲ್‌ನಲ್ಲಿ. ಒಬ್ಬರನ್ನು ಪ್ರೀತಿಸುವುದು ಬೇರೆ, ಪ್ರೀತಿಯಲ್ಲಿ ಬೀಳುವುದು ಬೇರೆನಾ ಅಂತ ಮಕ್ಕಳು ವಾದ ಮಾಡುತ್ತಾರೆ, ನಗುತ್ತಾರೆ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುತ್ತಾರೆ. ಬರಾಕಾ ಯಾರನ್ನೂ ತಿದ್ದುವುದಿಲ್ಲ. ಕೇಳುತ್ತಾರೆ, ಕಾಯುತ್ತಾರೆ, ಮತ್ತೆ ಕೇಳುತ್ತಾರೆ. ಮಾಡಿ ನೋಡಿದವರಿಗೆ ಗೊತ್ತು, ಕಾಯುವುದು ಎಷ್ಟು ಕಷ್ಟ ಅಂತ. ಮಗು ತಡವರಿಸಿದರೆ ನಾನು ಎರಡು ಸೆಕೆಂಡಿಗೇ ಉತ್ತರ ಹೇಳಿಬಿಡುತ್ತಿದ್ದೆ. ಇದನ್ನು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲುವುದನ್ನು ಕಲಿಯುತ್ತಿದ್ದೇನೆ.

ಆಲ್ಬಂ ಹೆಸರಿನ ಹಿಂದೆಯೂ ಶಾಲೆಯೇ ಇದೆ. ಇತಿಹಾಸಕಾರ ಕಾರ್ಟರ್ ಜಿ. ವುಡ್ಸನ್ 1933ರಲ್ಲಿ ‘ದಿ ಮಿಸ್‌ಎಜುಕೇಷನ್ ಆಫ್ ದಿ ನೀಗ್ರೋ’ ಅಂತ ಒಂದು ಪುಸ್ತಕ ಬರೆದರು. ನೀನು ಕಡಿಮೆ ಅನ್ನುವುದನ್ನೇ ಅಮೆರಿಕದ ಶಾಲೆಗಳು ಕಪ್ಪು ಮಕ್ಕಳಿಗೆ ಕಲಿಸುತ್ತಿವೆ ಅನ್ನುವುದು ಅವರ ವಾದ. ಲಾರಿನ್ ‘ಮಿಸ್‌ಎಜುಕೇಷನ್’, ಅಂದರೆ ತಪ್ಪು ಶಿಕ್ಷಣ, ಅನ್ನುವ ಆ ಮಾತನ್ನು ತನ್ನ ಹೆಸರಿಗೇ ಜೋಡಿಸಿಕೊಂಡಳು.

ಹಾಡುವುದನ್ನೇ ಹೇಳುತ್ತಿದ್ದೇನೆ, ಆದರೆ ಅವಳು ಮಾತನ್ನೇ ತಾಳಕ್ಕೆ ಹೆಣೆದು ಹೇಳುವ ರ‍್ಯಾಪರ್. ‘ಲಾಸ್ಟ್ ಒನ್ಸ್’ ಕೇಳಿ. ಹಾಜರಿ ಮುಗಿದ ತಕ್ಷಣ ಬರುವ ಹಾಡು. ಉಸಿರು ಎಲ್ಲಿ ತೆಗೆದುಕೊಂಡಳು ಅಂತ ಹುಡುಕಬೇಕು, ಅಷ್ಟು ಬಿಗಿ. ‘ಡೂ-ವಾಪ್’ನಲ್ಲಿ ಮೊದಲು ಹುಡುಗಿಯರಿಗೆ ಬುದ್ಧಿ ಹೇಳುತ್ತಾಳೆ, ಆಮೇಲೆ ಹುಡುಗರಿಗೆ. ಇಬ್ಬರನ್ನೂ ಬಿಡುವುದಿಲ್ಲ. ಆ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಗೆ ಕಾಲಿಟ್ಟಿದ್ದೇ ಒಂದನೇ ಸ್ಥಾನಕ್ಕೆ.

ಮೊದಲ ವಾರವೇ ಆಲ್ಬಂನ 4,22,000ಕ್ಕೂ ಜಾಸ್ತಿ ಪ್ರತಿ ಮಾರಾಟವಾದವು. 1999ರ ಗ್ರ್ಯಾಮಿಯಲ್ಲಿ ಅವಳಿಗೆ ಐದು ಪ್ರಶಸ್ತಿ. ಅದರಲ್ಲಿ ವರ್ಷದ ಆಲ್ಬಂ ಪ್ರಶಸ್ತಿಯೂ ಒಂದು. ಹಿಪ್‌ಹಾಪ್ ಆಲ್ಬಂ ಒಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು.

ಒಂದು ವಿಷಯ ಮುಚ್ಚಿಡಬಾರದು. ನ್ಯೂ-ಆರ್ಕ್ ಅನ್ನುವ ಹೆಸರಿನಲ್ಲಿ ಕೆಲಸ ಮಾಡಿದ ನಾಲ್ವರು ಸಂಗೀತಗಾರರು ಹಾಡು ಕಟ್ಟಿದ್ದರಲ್ಲಿ ತಮ್ಮ ಪಾಲಿಗೆ ಸರಿಯಾದ ಹೆಸರು ಸಿಗಲಿಲ್ಲ ಅಂತ 1998ರಲ್ಲೇ ಕೋರ್ಟಿಗೆ ಹೋದರು. 2001ರಲ್ಲಿ ರಾಜಿ ಆಯಿತು. ಈ ಆಲ್ಬಂ ಮೇಲೆ ನನಗೆ ಎಷ್ಟು ಪ್ರೀತಿ ಇದ್ದರೂ, ಕೈ ಹಚ್ಚಿದ ಎಲ್ಲರ ಹೆಸರೂ ಇರಬೇಕು ಅನ್ನುವವಳೇ ನಾನು. ‘ಎವ್ರಿಥಿಂಗ್ ಈಸ್ ಎವ್ರಿಥಿಂಗ್’ನಲ್ಲಿ ಪಿಯಾನೋ ನುಡಿಸಿದ ಹತ್ತೊಂಬತ್ತರ ಹುಡುಗ ಇನ್ನೂ ಕಾಲೇಜಿನಲ್ಲಿದ್ದ. ಆಮೇಲೆ ಜಾನ್ ಲೆಜೆಂಡ್ ಅನ್ನುವ ಹೆಸರಾಂತ ಗಾಯಕನಾದ.

ಇದಾದ ಮೇಲೆ ಅವಳು ಇನ್ನೊಂದು ಸ್ಟುಡಿಯೋ ಆಲ್ಬಂ ಮಾಡಿಲ್ಲ. 2002ರಲ್ಲಿ ಬಂದಿದ್ದು ಎಂಟಿವಿ ಅನ್‌ಪ್ಲಗ್ಡ್ ಕಾರ್ಯಕ್ರಮದ ಲೈವ್ ರೆಕಾರ್ಡಿಂಗ್. ಎರಡನೆಯದು ಯಾವಾಗ ಅಂತ ಜನ ಈಗಲೂ ಕೇಳುತ್ತಾರೆ. ನಾನು ಕೇಳುವುದಿಲ್ಲ. ಇದನ್ನೇ ಮತ್ತೆ ಮೊದಲಿನಿಂದ ಹಾಕುತ್ತೇನೆ.

ನೀವು ಮೊದಲ ಸಲ ಕೇಳುವುದಾದರೆ ದಯವಿಟ್ಟು ಶಫಲ್ ಆಫ್ ಮಾಡಿ, ಹಾಡುಗಳು ಇದ್ದ ಕ್ರಮದಲ್ಲೇ ಬರಲಿ. ಹಾಡು ಮುಗಿಯಿತು ಅಂತ ಮುಂದಕ್ಕೆ ಓಡಿಸಲೂಬೇಡಿ. ಮಕ್ಕಳು ಮಾತಾಡುವುದು ಅಲ್ಲೇ.