ನಮ್ಮ ಓದುವ ಕೋಣೆಯ ಲಕ್ಕಿ ಡ್ರಾ: ನಿಯಮಗಳ ಮೂರನೇ ಕರಡು

ಬೀದರ್‌ನ ಹಳೇ ಊರಿನಲ್ಲಿ, ಚೌಬಾರಾದ ಹತ್ತಿರ, ನಮ್ಮ ಓಣಿಯವರು ಸೇರಿ ಒಂದು ಓದುವ ಕೋಣೆ ನಡೆಸುತ್ತೇವೆ. ಸೆಪ್ಟೆಂಬರ್ 17ಕ್ಕೆ, ಕಲ್ಯಾಣ ಕರ್ನಾಟಕ ಉತ್ಸವದ ದಿನ, ಅಲ್ಲಿ ಲಕ್ಕಿ ಡ್ರಾ ಇದೆ. ಒಂದು ಪುಸ್ತಕ ಓದಿ ಅದರ ಬಗ್ಗೆ ನಾಲ್ಕು ಸಾಲು ಬರೆದು ಕೊಟ್ಟವರಿಗೆ ಒಂದು ಕೂಪನ್. ಬಹುಮಾನ ಬಿದ್ರಿ ಹೂದಾನಿ. ನಿಯಮ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎರಡು ಕರಡು ಮುಗಿದು ಈಗ ಮೂರನೆಯದು ಕೈಯಲ್ಲಿದೆ.

ಬರೆಯಲು ಕೂತಾಗ ಒಂದು ಮಾತು ಗಟ್ಟಿ ಮಾಡಿಕೊಂಡೆ. ಗೆದ್ದವರು ನಿಯಮ ಓದುವುದಿಲ್ಲ, ಖುಷಿಯಾಗಿ ಮನೆಗೆ ಹೋಗುತ್ತಾರೆ. ಬಹುಮಾನ ಬರದವರು ಓದುತ್ತಾರೆ. ಅವರು ಓದಿ, ಎಲ್ಲವೂ ಸರಿಯಾಗಿ ನಡೆಯಿತಾ ಅಂತ ತಾವೇ ತಾಳೆ ನೋಡುವಂತಿರಬೇಕು. ಪ್ರತಿ ಸಾಲನ್ನೂ ಇದೇ ಅಳತೆಯಲ್ಲಿ ನೋಡುತ್ತಿದ್ದೇನೆ.

ಮೊದಲ ಕರಡು: ದುಡ್ಡಿನ ವಿಷಯ

ಹತ್ತು ರೂಪಾಯಿ ಕೂಪನ್ ಇಟ್ಟರೆ ಕಪಾಟಿನ ಖರ್ಚೂ ಬರುತ್ತದೆ ಅಂತ ಒಬ್ಬರು ಹೇಳಿದರು. ಅದು ಬೇಡ ಎಂದು ಮೊದಲ ದಿನವೇ ತೀರ್ಮಾನ ಆಯಿತು. ದುಡ್ಡು ಕೊಟ್ಟು ಟಿಕೆಟ್ ತಗೊಂಡು, ಅದೃಷ್ಟದ ಮೇಲೆ ಬಹುಮಾನ ಹಂಚಿದರೆ ಕಾನೂನಿನ ಕಣ್ಣಲ್ಲಿ ಅದು ಲಾಟರಿ. 1998ರ ಕೇಂದ್ರ ಕಾಯ್ದೆಯ ಪ್ರಕಾರ ಲಾಟರಿ ನಡೆಸುವ ಅವಕಾಶ ಇರುವುದು ರಾಜ್ಯ ಸರ್ಕಾರಗಳಿಗೆ ಮಾತ್ರ. ಕರ್ನಾಟಕದಲ್ಲಂತೂ 2007ರಿಂದ ಲಾಟರಿಯೇ ಬಂದ್. ಗಡಿ ದಾಟಿದರೆ ಮಹಾರಾಷ್ಟ್ರದಲ್ಲಿ ಸರ್ಕಾರದ್ದೇ ಲಾಟರಿ ಇದೆ. ಅದನ್ನು ನೋಡಿದ ನಮ್ಮವರಿಗೆ ಇಲ್ಲೂ ನಡೆಯುತ್ತದೆ ಅನ್ನಿಸುವುದು ಸಹಜ. ಹಾಗಾಗಿ ನಿಯಮದ ಮೊದಲ ಸಾಲೇ ಹೀಗಿದೆ: "ಕೂಪನ್‌ಗೆ ದುಡ್ಡಿಲ್ಲ. ದೇಣಿಗೆ ಕೊಟ್ಟವರಿಗೆ ಹೆಚ್ಚಿನ ಕೂಪನ್ ಸಿಗುವುದಿಲ್ಲ." ಎರಡನೇ ವಾಕ್ಯ ಬೇಕೇ ಬೇಕು. ಇಲ್ಲದಿದ್ದರೆ ದೇಣಿಗೆಯ ಹೆಸರಲ್ಲಿ ಟಿಕೆಟ್ ಮಾರಿದ ಹಾಗಾಗುತ್ತದೆ.

ಬಹುಮಾನದ ಬೆಲೆಯನ್ನೂ ಬರೆದಿದ್ದೇವೆ. ಡ್ರಾದಲ್ಲಿ ಬಂದ ಬಹುಮಾನ 10,000 ರೂಪಾಯಿ ದಾಟಿದರೆ ಕೊಡುವವರೇ 30% ತೆರಿಗೆ ಮುರಿದುಕೊಳ್ಳಬೇಕು. ವಸ್ತು ರೂಪದ ಬಹುಮಾನವಾದರೆ, ತೆರಿಗೆ ಕಟ್ಟಿದ್ದು ಖಾತ್ರಿಯಾದ ಮೇಲೆಯೇ ಕೈಗೆ ಕೊಡಬೇಕು. ಒಬ್ಬ ಶಾಲೆ ಹುಡುಗಿಗೆ ಹೂದಾನಿ ತೋರಿಸಿ "ಮೊದಲು ತೆರಿಗೆ ಕಟ್ಟಮ್ಮಾ" ಅನ್ನುವುದು ನಮಗೆ ಸಾಧ್ಯವಿಲ್ಲ. ಅದಕ್ಕೇ ಆ ಮಿತಿಯ ಒಳಗೇ ಬರುವ ಹೂದಾನಿ ಆರಿಸಿದೆವು. ಬಿದ್ರಿ ಕೈಕೆಲಸ, ಒಂದರಂತೆ ಇನ್ನೊಂದು ಇರುವುದಿಲ್ಲ. ಆದ್ದರಿಂದ "ಚಿತ್ರದಲ್ಲಿರುವಂಥದ್ದು" ಅಂತ ಬರೆಯಲಿಲ್ಲ. ಸತು ಮತ್ತು ತಾಮ್ರದ ಎರಕ, ಬೆಳ್ಳಿ ತಂತಿಯ ಕೆತ್ತನೆ, ಎತ್ತರ ಇಷ್ಟು, ಬೆಲೆ ಇಷ್ಟು, ಬದಲಿಗೆ ನಗದು ಇಲ್ಲ ಅಂತ ಬರೆದೆವು. ಹೂದಾನಿ ಈಗಲೇ ಕೋಣೆಯ ಗಾಜಿನ ಕಪಾಟಿನಲ್ಲಿದೆ. ಯಾರು ಬೇಕಾದರೂ ನೋಡಬಹುದು.

ಎರಡನೇ ಕರಡು: ಓಣಿಯಲ್ಲಿ ಓದಿಸಿದ್ದು

ಇದನ್ನು ಗಟ್ಟಿಯಾಗಿ ಓದಿ ಕೇಳಿಸಿದೆ. ಕಾಕಾ ಒಬ್ಬರು ಅರ್ಧಕ್ಕೇ ತಡೆದರು: "ಅಲ್ರೀ, ಆ ದಿನ ನಾ ಊರಾಗ ಇರಂಗಿಲ್ಲ. ನಂದೇ ನಂಬರ್ ಬಂದ್ರ ಯಾರಿಗಿ ಕೊಡ್ತೀರಿ?" ಒಳ್ಳೆ ಪ್ರಶ್ನೆ. ಈಗಿನ ನಿಯಮ: ಡ್ರಾದ ಹೊತ್ತಿಗೆ ಹಾಜರಿರಬೇಕಿಲ್ಲ. ಫೋನ್ ಮಾಡುತ್ತೇವೆ. ಏಳು ದಿನ ಕಾಯುತ್ತೇವೆ. ಆಮೇಲೂ ಬರದಿದ್ದರೆ, ಡ್ರಾದ ದಿನವೇ ಎಲ್ಲರೆದುರು ಎತ್ತಿಟ್ಟ ಬದಲಿ ನಂಬರ್‌ಗೆ ಹೋಗುತ್ತದೆ. ಬದಲಿ ನಂಬರನ್ನು ಆಮೇಲೆ ಎತ್ತುವುದಿಲ್ಲ. ಆಮೇಲೆ ಎತ್ತಿದ್ದನ್ನು ಯಾರು ನೋಡಿರುತ್ತಾರೆ?

"ಸಂಘಟಕರ ಕುಟುಂಬದವರು ಭಾಗವಹಿಸುವಂತಿಲ್ಲ" ಅನ್ನುವ ಸಾಲಿಗೆ ಜಾಸ್ತಿ ಚರ್ಚೆ ಆಯಿತು. ಕುಟುಂಬ ಅಂದರೆ ಎಲ್ಲಿಯವರೆಗೆ? ನಮ್ಮ ಓಣಿಯಲ್ಲಿ ಹುಡುಕಿದರೆ ಎಲ್ಲರೂ ಎಲ್ಲರಿಗೂ ಏನಾದರೊಂದು ಆಗಬೇಕು. ಕೊನೆಗೆ "ಒಂದೇ ಮನೆಯಲ್ಲಿ ಇರುವವರು, ಅಥವಾ ಒಂದೇ ರೇಷನ್ ಕಾರ್ಡಿನಲ್ಲಿ ಹೆಸರು ಇರುವವರು" ಅಂತ ಮಾಡಿದೆವು. ಇದನ್ನು ಯಾರಾದರೂ ಪರೀಕ್ಷೆ ಮಾಡಬಹುದು.

ಸಣ್ಣಪುಟ್ಟವು ಬೇಗ ಮುಗಿದವು. "ಸಂಜೆವರೆಗೆ" ಇದ್ದದ್ದು "ಸೆಪ್ಟೆಂಬರ್ 15, ಸಂಜೆ 6 ಗಂಟೆಯವರೆಗೆ" ಆಯಿತು. ನಾಲ್ಕು ಸಾಲನ್ನು ಯಾವ ಭಾಷೆಯಲ್ಲಾದರೂ ಬರೆಯಬಹುದು, ಅದಕ್ಕೆ ಅಂಕ ಇಲ್ಲ. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ನಾವೇ ಬರೆದುಕೊಳ್ಳುತ್ತೇವೆ. 18 ತುಂಬದವರ ಪರವಾಗಿ ಮನೆಯ ದೊಡ್ಡವರು ಸಹಿ ಹಾಕಿ ಬಹುಮಾನ ಪಡೆಯಬೇಕು.

ಮೂರನೇ ಕರಡು: ಎತ್ತುವ ಕ್ರಮ

ನನಗೆ ತುಂಬಾ ಹಿಡಿಸಿದ ಭಾಗ ಇದು. ಚೀಟಿ ಮಡಚಿ ಡಬ್ಬಿಗೆ ಹಾಕುವುದು ರೂಢಿ. ಆದರೆ ಕೊನೆಗೆ ಹಾಕಿದ ಚೀಟಿ ಮೇಲೇ ಉಳಿಯುತ್ತದೆ, ದಪ್ಪ ಮಡಿಕೆ ಕೈಗೆ ಬೇಗ ಸಿಗುತ್ತದೆ. 1969ರಲ್ಲಿ ಅಮೆರಿಕದಲ್ಲಿ ಸೈನ್ಯಕ್ಕೆ ಯುವಕರನ್ನು ಕರೆಯಲು ಹುಟ್ಟಿದ ದಿನಾಂಕಗಳನ್ನು 366 ಕ್ಯಾಪ್ಸೂಲ್‌ಗಳಲ್ಲಿ ಹಾಕಿ ಎತ್ತಿದ್ದರು. ಸರಿಯಾಗಿ ಕಲಸಿರಲಿಲ್ಲ. ವರ್ಷದ ಕೊನೆಯ ತಿಂಗಳುಗಳ ದಿನಾಂಕಗಳು ಜಾಸ್ತಿ ಮೊದಮೊದಲೇ ಬಂದುಬಿಟ್ಟವು. ಅಷ್ಟು ದೊಡ್ಡ ಡ್ರಾದಲ್ಲೇ ಹೀಗಾದರೆ ನಮ್ಮ ಡಬ್ಬಿಯನ್ನು ಹೇಗೆ ನಂಬುವುದು?

ನಾವು ಕೂಪನ್‌ಗಳಿಗೆ 001ರಿಂದ ನಂಬರ್ ಹಾಕುತ್ತೇವೆ, 999ಕ್ಕೆ ನಿಲ್ಲಿಸುತ್ತೇವೆ. ಮಣ್ಣಿನ ಕೊಡದಲ್ಲಿ ಒಂದೇ ಅಳತೆಯ ಹತ್ತು ಪ್ಲಾಸ್ಟಿಕ್ ಚೆಂಡು, 0ರಿಂದ 9. ಮೊದಲು ನೂರರ ಅಂಕಿ, ಆಮೇಲೆ ಹತ್ತರದು, ಕೊನೆಗೆ ಬಿಡಿ. ಪ್ರತಿ ಸಲ ಎತ್ತಿದ ಚೆಂಡನ್ನು ತೋರಿಸಿ ವಾಪಸ್ ಕೊಡಕ್ಕೆ ಹಾಕಬೇಕು. ಹಾಕದಿದ್ದರೆ 555 ನಂಬರಿನವರಿಗೆ ಅವಕಾಶವೇ ಇರುವುದಿಲ್ಲ. 6 ಮತ್ತು 9ರ ಕೆಳಗೆ ಗೆರೆ ಎಳೆದಿದ್ದೇವೆ, ತಲೆಕೆಳಗಾದರೆ ಜಗಳ ಆಗಬಾರದು.

ಇನ್ನೊಂದು ಸೂಕ್ಷ್ಮ ಇದೆ. 640 ಕೂಪನ್ ಹಂಚಿದ್ದೇವೆ ಅಂತ ಇಟ್ಟುಕೊಳ್ಳಿ. 6 ಬಂತು, ಆಮೇಲೆ 7 ಬಂತು. 670ರಿಂದ 679ರವರೆಗಿನ ಕೂಪನ್ ಇಲ್ಲವೇ ಇಲ್ಲ. ಆಗ ಹತ್ತರ ಅಂಕಿಯನ್ನು ಮಾತ್ರ ಮತ್ತೆ ಎತ್ತೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ 600ರ ಮೇಲಿನ ಸ್ವಲ್ಪವೇ ಜನಕ್ಕೆ ಬೇರೆಯವರಿಗಿಂತ ಹೆಚ್ಚು ಅವಕಾಶ ಸಿಕ್ಕಿಬಿಡುತ್ತದೆ. ಹಾಗಾಗಿ ನಿಯಮ: "ಇಲ್ಲದ ನಂಬರ್ ಬಂದರೆ ಮೂರೂ ಅಂಕಿ ಮೊದಲಿನಿಂದ." 000 ಬಂದರೂ ಇದೇ. ಮೊನ್ನೆ ಹುಡುಗರನ್ನು ಕೂರಿಸಿ ಎತ್ತಿಸಿ ನೋಡಿದೆ. ಎರಡೇ ಸುತ್ತಿಗೆ ಅವರಿಗೆ ಅರ್ಥವಾಯಿತು, ನನಗಿಂತ ಜೋರಾಗಿ "ಮೊದಲಿಂದ" ಅಂತ ಕೂಗತೊಡಗಿದರು.

ಫಲಿತಾಂಶ ಎಲ್ಲಿ ಹಾಕಬೇಕು ಅನ್ನುವುದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತೋರಿಸಿತು. ಬಹುಮಾನದ ಯೋಜನೆ ಮಾಡಿ ಕೊನೆಯ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದು ಅದರಲ್ಲಿ ಅನುಚಿತ ವ್ಯಾಪಾರ ಪದ್ಧತಿ. ಯಾವ ಪತ್ರಿಕೆಯಲ್ಲಿ ಯೋಜನೆ ಸಾರಿದ್ದರೋ ಅದರಲ್ಲೇ ಫಲಿತಾಂಶ ಎದ್ದು ಕಾಣುವಂತೆ ಹಾಕಿದರೆ ತಿಳಿಸಿದ ಹಾಗೆ ಅಂತಲೂ ಇದೆ. ನಮ್ಮದು ಅಂಗಡಿಯಲ್ಲ, ಆದರೂ ಈ ಅಳತೆ ಚೆನ್ನಾಗಿದೆ. ಡ್ರಾದ ಸುದ್ದಿ ಅಂಟಿಸಿದ ಪ್ರತಿ ಗೋಡೆಯ ಮೇಲೂ ಫಲಿತಾಂಶ ಅಂಟಿಸುತ್ತೇವೆ. ಕೂಪನ್ ನಂಬರ್ ಮತ್ತು ಹೆಸರು ಮಾತ್ರ. ಫೋನ್ ನಂಬರ್ ಬರೆದ ಅಡಿಚೀಟಿಗಳನ್ನು ಬಹುಮಾನ ಕೊಟ್ಟ ಮೇಲೆ ಸುಟ್ಟು ಹಾಕುತ್ತೇವೆ.

ಬಾಕಿ ಇರುವುದು

ಉರ್ದು ಮತ್ತು ಮರಾಠಿ ಪ್ರತಿಗಳು ತಯಾರಾಗುತ್ತಿವೆ. ಮೂರರಲ್ಲಿ ವ್ಯತ್ಯಾಸ ಕಂಡರೆ ಕನ್ನಡ ಪ್ರತಿಯೇ ಅಂತಿಮ, ಇದನ್ನು ಮೂರರಲ್ಲೂ ಬರೆಯಬೇಕು. ಒಬ್ಬರಿಗೆ ಒಂದೇ ಕೂಪನ್ನೋ, ಓದಿದ ಪುಸ್ತಕಕ್ಕೊಂದೋ ಅನ್ನುವುದು ಇನ್ನೂ ಇತ್ಯರ್ಥ ಆಗಿಲ್ಲ. ಪುಸ್ತಕಕ್ಕೊಂದು ಕೊಟ್ಟರೆ ಓದು ಹೆಚ್ಚುತ್ತದೆ ಅನ್ನುತ್ತಾರೆ ಅಕ್ಕಂದಿರು. ದಿನವಿಡೀ ಕೂಲಿಗೆ ಹೋಗಿ ತಿಂಗಳಿಗೆ ಒಂದೇ ಪುಸ್ತಕ ಓದುವವರ ಅವಕಾಶ ಕುಗ್ಗುತ್ತದೆ ಅನ್ನುವುದು ನನ್ನ ವಾದ. ಭಾನುವಾರ ಎಲ್ಲರೂ ಕೂತು ಕೈ ಎತ್ತಿ ತೀರ್ಮಾನಿಸುತ್ತೇವೆ. ಆಮೇಲೆ ನಾಲ್ಕನೇ ಕರಡು.