ಬೇಲೀಫ್ ರೈತಮನೆ ನೋಡಲು ಹೋಗುವವರಿಗೆ

ಇಂಗ್ಲೆಂಡಿನ ಹಳೇ ಕಾಲದ ಮರದ ಚೌಕಟ್ಟಿನ ರೈತಮನೆಯೊಂದನ್ನು ಒಳಹೊಕ್ಕು ನೋಡಬೇಕೆಂದರೆ ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್ ಹಳ್ಳಿಗೆ ಹೋಗಿ. ಲಂಡನ್ ವಿಕ್ಟೋರಿಯಾದಿಂದ ಚಿಚೆಸ್ಟರ್‌ಗೆ ನೇರ ರೈಲಿದೆ, ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಅಲ್ಲಿಂದ ಮಿಡ್‌ಹರ್ಸ್ಟ್ ಕಡೆಯ 60ನೇ ನಂಬರ್ ಬಸ್. ಹೊರಡುವ ಮೊದಲೇ ವಾಪಸ್ ಬಸ್ಸಿನ ಹೊತ್ತು ನೋಡಿಟ್ಟುಕೊಳ್ಳಿ.

ಇಲ್ಲಿನ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಲಿವಿಂಗ್ ಮ್ಯೂಸಿಯಂ ಎಂಬ ಬಯಲು ಸಂಗ್ರಹಾಲಯದಲ್ಲಿ ಐವತ್ತರಷ್ಟು ಹಳೇ ಕಟ್ಟಡಗಳಿವೆ. ಎಲ್ಲವನ್ನೂ ನೋಡಲು ಹೊರಟರೆ ಯಾವುದೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಬೇಲೀಫ್ ಒಂದಕ್ಕೇ ಒಂದು ಗಂಟೆ ಎತ್ತಿಡಿ. ಕೆಂಟ್‌ನ ಚಿಡಿಂಗ್‌ಸ್ಟೋನ್ ಬಳಿ ಇದ್ದ ಈ ಮನೆ ಜಲಾಶಯದ ಪಾಲಾಗುತ್ತಿತ್ತು. 1960ರ ದಶಕದ ಕೊನೆಗೆ ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದರು. ನಡುಮನೆಯ ಭಾಗ 15ನೇ ಶತಮಾನದ ಆರಂಭದ್ದು, ಯಜಮಾನನ ಕೋಣೆಗಳಿರುವ ತುದಿ 16ನೇ ಶತಮಾನದ ಆರಂಭದ್ದು.

ತಕ್ಷಣ ಒಳಗೆ ಹೋಗಬೇಡಿ. ಎದುರಿಗೆ ನಿಂತು ನೋಡಿ: ಎರಡೂ ತುದಿಗಳ ಮೇಲಂತಸ್ತು ಮುಂದಕ್ಕೆ ಚಾಚಿದೆ, ನಡುವಿನ ಗೋಡೆ ಹಿಂದೆ ಸರಿದಿದೆ, ಮಾಡು ಮಾತ್ರ ಒಂದೇ. ಹಾಗಾಗಿ ನಡುವೆ ಸೂರು ಗೋಡೆಯಿಂದ ದೂರ ನಿಂತಿದ್ದು, ಬಾಗಿದ ಮರದ ಆಸರೆಗಳು ಅದನ್ನು ಹೊತ್ತಿವೆ. ಕೆಂಟ್, ಸಸೆಕ್ಸ್ ಕಡೆಯ ‘ವೀಲ್ಡನ್’ ಬಗೆಯ ಮನೆಯ ಗುರುತೇ ಇದು.

ಒಳಗೆ ಕತ್ತಲೆ, ಟಾರ್ಚ್ ಬೇಕೇ ಬೇಕು. ನಡುಮನೆಗೆ ಅಟ್ಟವಿಲ್ಲ, ಚಿಮಣಿಯಿಲ್ಲ. ನೆಲದ ನಡುವೆ ಬೆಂಕಿ, ಹೊಗೆ ಮಾಡಿನ ಸಂದಿಗಳಿಂದ ಹೊರಗೆ. ಟಾರ್ಚನ್ನು ಮೇಲಕ್ಕೆ ಹಿಡಿದರೆ ಮಸಿ ಕಟ್ಟಿದ ಮರಗಳು ಕಾಣುತ್ತವೆ. ಕಿಟಕಿಗಳಿಗೆ ಗಾಜಿಲ್ಲ, ಮರದ ಸರಳು ಮತ್ತು ಬಾಗಿಲು ಅಷ್ಟೇ. ಆಸ್ತಮಾ ಇರುವವರು ಬೆಂಕಿ ಹಚ್ಚಿದ ದಿನ ಹೆಚ್ಚು ಹೊತ್ತು ನಿಲ್ಲದಿರುವುದು ಒಳ್ಳೆಯದು.

ನಿಜವಾದ ಸೊಗಸಿರುವುದು ಜೋಡಣೆಯಲ್ಲಿ. ದೊಡ್ಡ ಕಂಬದ ಮೇಲ್ತುದಿ ದಪ್ಪಗಿರುತ್ತದೆ, ಮರದ ಬುಡವನ್ನು ಮೇಲೆ ಮಾಡಿ ನಿಲ್ಲಿಸಿರುವುದರಿಂದ. ಗೋಡೆಯ ಮೇಲಿನ ಉದ್ದ ತೊಲೆ, ಅಡ್ಡತೊಲೆ, ಕಂಬ ಮೂರೂ ಅಲ್ಲೇ ಕೂಡುತ್ತವೆ, ಅಷ್ಟು ಮೈ ಬೇಕೇ ಬೇಕು. ಕಬ್ಬಿಣದ ಮೊಳೆಯಿಲ್ಲ, ಓಕ್ ಗೂಟಗಳು. ಎರಡು ಮರಗಳ ತೂತುಗಳನ್ನು ಬೇಕೆಂದೇ ಕೂದಲೆಳೆಯಷ್ಟು ತಪ್ಪಿಸಿ ಕೊರೆಯುತ್ತಾರೆ. ಗೂಟ ಬಡಿದಾಗ ಬೆಸುಗೆ ಎಳೆದುಕೊಂಡು ಬಿಗಿಯಾಗುತ್ತದೆ. ಹತ್ತಿರದಲ್ಲೇ ರೋಮನ್ ಅಂಕಿಗಳ ಗೀರು ಹುಡುಕಿ. ಬಯಲಲ್ಲಿ ಮಲಗಿಸಿ ಕೆತ್ತಿದ ತುಂಡುಗಳನ್ನು ಎತ್ತಿ ನಿಲ್ಲಿಸುವಾಗ ಜೋಡಿ ತಪ್ಪಬಾರದೆಂದು ಬಡಗಿ ಹಾಕಿದ ಗುರುತದು.

ಹಸಿ ಓಕ್ ಬಳಸುತ್ತಿದ್ದುದರಿಂದ ಒಣಗುತ್ತ ಮರ ಸೀಳುತ್ತದೆ, ತಿರುಚುತ್ತದೆ. ಉದ್ದಕ್ಕೆ ಬಿಟ್ಟ ಬಿರುಕು ಅಪಾಯವಲ್ಲ. ಕೆಡುವುದು ನೆಲಕ್ಕೆ ತಾಗುವ ಅಡಿತೊಲೆ, ನೀರು ನಿಲ್ಲುವ ಕಡೆ. ತಡಿಕೆಗೆ ಜೇಡಿಮಣ್ಣು, ಸಗಣಿ, ಹುಲ್ಲು ಮೆತ್ತಿ ಸುಣ್ಣ ಬಳಿದ ಗೋಡೆ ಉಸಿರಾಡುತ್ತದೆ. ಇಂಥ ಗೋಡೆಗೆ ಸಿಮೆಂಟ್ ಬಳಿದರೆ ಬಿರುಕಿನಿಂದ ಒಳಹೋದ ನೀರು ಹೊರಬರದೆ ಓಕ್ ಕೊಳೆಯುತ್ತದೆ.

ಆಮೇಲೆ ಇದೇ ಮ್ಯೂಸಿಯಂನ 1609ರ ಪೆಂಡೀನ್ ಮನೆಗೆ ಹೋಗಿ, ಕ್ರಮ ಬದಲಿಸಬೇಡಿ. ನಡುವೆ ಇಟ್ಟಿಗೆ ಚಿಮಣಿ, ಎಲ್ಲ ಕೋಣೆಗಳ ಮೇಲೂ ಅಂತಸ್ತು: ಹೊಗೆಗೆ ದಾರಿಯಾದ ಮೇಲೆ ಮನೆಯೇ ಹೇಗೆ ಬದಲಾಯಿತೆಂಬುದು ಕಣ್ಣಿಗೆ ಕಟ್ಟುತ್ತದೆ. ಮೆಟ್ಟಿಲು ಕಡಿದು, ನೆಲ ಏರುಪೇರು. ಹಿಡಿತವಿರುವ ಶೂ ಹಾಕಿಕೊಳ್ಳಿ, ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ.